ಸ್ಕೂಟರ್ ಮೈಲೇಜ್ ಬಿದ್ದಿದೆಯಾ? ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಓದಿ

"ಹೊಸದರಲ್ಲಿ ಐವತ್ತು ಕೊಡುತ್ತಿತ್ತು. ಈಗ ಮೂವತ್ತೆಂಟು ಬಂದರೆ ಹೆಚ್ಚು. ಏನು ಮಾಡಲಿ?"

ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಆಕ್ಟಿವಾ, ಜುಪಿಟರ್, ಆಕ್ಸೆಸ್, ಡಿಯೋ, ಪ್ಲೆಷರ್ ಹೀಗೆ 100ರಿಂದ 125 ಸಿಸಿವರೆಗಿನ ಯಾವುದೇ ಗೇರಿಲ್ಲದ ಪೆಟ್ರೋಲ್ ಸ್ಕೂಟರ್ ನಿಮ್ಮದಾಗಿದ್ದರೂ ಇಲ್ಲಿ ಹೇಳಿದ್ದು ಹೊಂದುತ್ತದೆ.

ಮೈಲೇಜ್ ಬಿದ್ದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಅಂದರೆ ಗಾಡಿಯನ್ನು ಮೆಕ್ಯಾನಿಕ್ ಕೈಗೆ ಕೊಟ್ಟು "ಏನಾಗಿದೆಯೋ ನೋಡಿ" ಅನ್ನುವುದು. ಸಾವಿರ, ಎರಡು ಸಾವಿರ ಬಿಲ್ ಆಗುತ್ತದೆ, ಮೈಲೇಜ್ ಅಲ್ಲೇ ಇರುತ್ತದೆ. ನಾನು ಹೇಳುವ ಕ್ರಮ ಇದಕ್ಕೆ ತಿರುಗಾಮುರುಗಾ. ಮೊದಲು ಅಳೆಯಿರಿ. ಆಮೇಲೆ ದುಡ್ಡಿಲ್ಲದೆ ಆಗುವ ಕೆಲಸ ಮಾಡಿ. ದುಡ್ಡು ಕೇಳುವ ಕೆಲಸ ಕೊನೆಗಿರಲಿ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ, ದಯವಿಟ್ಟು ಹಾರಿಸಬೇಡಿ.

ಶುರು ಮಾಡುವ ಮೊದಲು ನಿರೀಕ್ಷೆ ಸರಿಯಾಗಿರಲಿ. ಜಾಹೀರಾತಿನಲ್ಲಿ ಕಾಣುವ ಮೈಲೇಜ್ ಪರೀಕ್ಷಾ ಕೇಂದ್ರದಲ್ಲಿ, ಗೊತ್ತುಮಾಡಿದ ವೇಗದಲ್ಲಿ, ಹಂಪ್ ಇಲ್ಲದೆ, ಸಿಗ್ನಲ್ ಜಗಳವಿಲ್ಲದೆ ಸಿಕ್ಕಿದ್ದು. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನಾ ಹೋಗಿಬರುವ ಗಾಡಿ ಲೀಟರಿಗೆ 40ರಿಂದ 45 ಕೊಟ್ಟರೆ ಅದು ಆರೋಗ್ಯವಾಗಿದೆ ಅಂತಲೇ ಅರ್ಥ. ಅದೇ ಗಾಡಿ ಹಾಸನದಲ್ಲೋ ಶಿವಮೊಗ್ಗದಲ್ಲೋ ಖಾಲಿ ರಸ್ತೆಯಲ್ಲಿ 50 ಮುಟ್ಟಬಹುದು. ನಿಮ್ಮ ಗಾಡಿಯ ಇವತ್ತಿನ ಲೆಕ್ಕವನ್ನು ನಿಮ್ಮದೇ ಗಾಡಿಯ ಹಳೆಯ ಲೆಕ್ಕದ ಜೊತೆ ಹೋಲಿಸಿ. ಪಕ್ಕದ ಮನೆಯವರ ಗಾಡಿಯ ಜೊತೆ ಬೇಡ.

ಬೇಕಾಗುವ ಸಾಮಾನು: ಒಂದು ಸಣ್ಣ ಪುಸ್ತಕ ಅಥವಾ ಮೊಬೈಲ್ ನೋಟ್ಸ್, ಟೈರ್ ಗಾಳಿ ನೋಡುವ ಗೇಜ್, ಗಾಡಿಯ ಜೊತೆ ಬಂದ ಟೂಲ್ ಕಿಟ್, ಹಳೇ ಬಟ್ಟೆ, ಮತ್ತು ಗಾಡಿ ಕೊಂಡಾಗ ಕೊಟ್ಟ ಮ್ಯಾನುಯಲ್ ಪುಸ್ತಕ. ಮ್ಯಾನುಯಲ್ ಕಳೆದುಹೋಗಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ.

ನಿಮ್ಮ ಗಾಡಿ ಕಾರ್ಬುರೇಟರಿನದೋ ಇಂಜೆಕ್ಷನ್ನಿನದೋ ಅನ್ನುವುದೂ ತಿಳಿದಿರಲಿ. ಕಾರ್ಬುರೇಟರ್ ಅಂದರೆ ಗಾಳಿ ಮತ್ತು ಪೆಟ್ರೋಲನ್ನು ಸಣ್ಣ ತೂತುಗಳ ಮೂಲಕ ಬೆರೆಸಿ ಇಂಜಿನ್ನಿಗೆ ಕೊಡುವ ಹಳೆಯ ಏರ್ಪಾಡು. ಇಂಜೆಕ್ಷನ್ ಅಂದರೆ ಸೆನ್ಸರ್‌ಗಳು ಹೇಳಿದಂತೆ ಪುಟ್ಟ ಕಂಪ್ಯೂಟರ್ ಪೆಟ್ರೋಲನ್ನು ಅಳೆದು ಸಿಂಪಡಿಸುವುದು. 2020ರ ಏಪ್ರಿಲ್‌ನಿಂದ ಬಿಎಸ್6, ಅಂದರೆ ವಾಹನಗಳ ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ನಿಯಮ ಬಂತು. ಆಮೇಲೆ ಬಂದ ಸ್ಕೂಟರ್‌ಗಳು ಹೆಚ್ಚುಕಡಿಮೆ ಎಲ್ಲವೂ ಇಂಜೆಕ್ಷನ್.

ಹಂತ 1: ಸರಿಯಾಗಿ ಅಳೆಯಿರಿ

"ನೂರು ರೂಪಾಯಿ ಹಾಕಿಸಿದರೆ ಎರಡು ದಿನ ಬರ್ತಿತ್ತು, ಈಗ ಒಂದೂವರೆ ದಿನ" ಅನ್ನುವುದು ಅಳತೆಯಲ್ಲ. ಮೀಟರಿನ ಮುಳ್ಳು ನೋಡಿ ಹೇಳುವುದೂ ಅಳತೆಯಲ್ಲ. ಸ್ಕೂಟರಿನ ಟ್ಯಾಂಕ್ ಐದು ಲೀಟರ್ ಆಸುಪಾಸು ಇರುತ್ತದೆ. ಗಾಡಿ ಸ್ವಲ್ಪ ವಾಲಿ ನಿಂತರೂ ಮುಳ್ಳು ಆಚೀಚೆ ಹೋಗುತ್ತದೆ. ಫುಲ್ ಟ್ಯಾಂಕ್ ಲೆಕ್ಕ ಒಂದೇ ನಂಬಿಕೆಗೆ ಅರ್ಹ.

ಮಾಡುವುದು ಹೀಗೆ. ಬಂಕ್‌ಗೆ ಹೋಗಿ, ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ಪೈಪ್ ತಾನಾಗಿ 'ಟಕ್' ಅಂತ ನಿಲ್ಲುವವರೆಗೆ ಪೆಟ್ರೋಲ್ ಹಾಕಿಸಿ. ಓಡೋಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇದೆ ಬರೆದುಕೊಳ್ಳಿ. ಆಮೇಲೆ ಎಂದಿನಂತೆ ಓಡಿಸಿ. ಮುಕ್ಕಾಲು ಟ್ಯಾಂಕ್ ಖಾಲಿಯಾದಾಗ ಅದೇ ಬಂಕ್‌ಗೆ, ಸಾಧ್ಯವಾದರೆ ಅದೇ ಪಂಪಿಗೆ ಹೋಗಿ ಮತ್ತೆ ಮೊದಲ 'ಟಕ್'ವರೆಗೆ ಹಾಕಿಸಿ. ಎಷ್ಟು ಲೀಟರ್ ಹಿಡಿಯಿತು ಅಂತ ಬರೆದುಕೊಳ್ಳಿ. ರೂಪಾಯಿ ಅಲ್ಲ, ಲೀಟರ್.

ಒಂದು ಉದಾಹರಣೆ. ಮೊದಲ ಸಲ ಓಡೋಮೀಟರ್ 18,240. ಎರಡನೇ ಸಲ 18,402. ಓಡಿದ್ದು 162 ಕಿ.ಮೀ. ಹಿಡಿದ ಪೆಟ್ರೋಲ್ 3.9 ಲೀಟರ್. 162ನ್ನು 3.9ರಿಂದ ಭಾಗಿಸಿದರೆ 41.5. ಇದೇ ನಿಮ್ಮ ಮೈಲೇಜ್.

ಒಂದು ಟ್ಯಾಂಕ್ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದು ವಾರ ಮಳೆ ಇರುತ್ತದೆ, ಇನ್ನೊಂದು ವಾರ ಮಕ್ಕಳನ್ನು ಕೂರಿಸಿಕೊಂಡು ಸುತ್ತಿರುತ್ತೀರಿ. ಮೂರು ಟ್ಯಾಂಕ್ ಅಳೆದು ಸರಾಸರಿ ತೆಗೆಯಿರಿ. ಕೆಲವು ಹೊಸ ಗಾಡಿಗಳ ಡಿಸ್‌ಪ್ಲೇನಲ್ಲಿ ಮೈಲೇಜ್ ಅಂಕಿ ಬರುತ್ತದೆ. ಅದು ಅಂದಾಜು. ಓಡಿಸುವ ರೀತಿ ತಿದ್ದಿಕೊಳ್ಳಲು ಉಪಯೋಗಕ್ಕೆ ಬರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ.

ಎಚ್ಚರಿಕೆ: 'ಟಕ್' ಆದಮೇಲೂ ಅಲುಗಾಡಿಸಿ ಮುಚ್ಚಳದ ಬಾಯಿವರೆಗೆ ತುಂಬಿಸಬೇಡಿ. ಈಚಿನ ಗಾಡಿಗಳಲ್ಲಿ ಪೆಟ್ರೋಲ್ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಡಬ್ಬಿಯೊಂದು ಇರುತ್ತದೆ. ಅದಕ್ಕೆ ಕ್ಯಾನಿಸ್ಟರ್ ಅನ್ನುತ್ತಾರೆ. ಬಾಯಿವರೆಗೆ ತುಂಬಿದರೆ ಪೆಟ್ರೋಲೇ ಅದರೊಳಗೆ ನುಗ್ಗಿ ಅದು ಕೆಡುತ್ತದೆ.

ಬಂಕ್ ಕಡಿಮೆ ಹಾಕುತ್ತಿದೆ ಅನ್ನುವ ಅನುಮಾನವಿದ್ದರೆ ಸುಮ್ನೆ ಗೊಣಗಬೇಡಿ. ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ಐದು ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕ್‌ನಲ್ಲೂ ಇರಬೇಕು. ಅದರಲ್ಲಿ ಅಳೆದು ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಐದು ಲೀಟರಿಗೆ 25 ಮಿ.ಲೀ. ಹೆಚ್ಚುಕಡಿಮೆಗಷ್ಟೇ ಅವಕಾಶ.

ಹಂತ 2: ಟೈರ್ ಗಾಳಿ

ಖರ್ಚಿಲ್ಲದೆ ಸಿಗುವ ದೊಡ್ಡ ಲಾಭ ಇಲ್ಲೇ ಇದೆ. ಸ್ಕೂಟರಿನ ಚಕ್ರ ಚಿಕ್ಕದು, ಹತ್ತು ಅಥವಾ ಹನ್ನೆರಡು ಇಂಚು. ಗಾಳಿ ಸ್ವಲ್ಪ ಇಳಿದರೂ ಟೈರ್ ನೆಲಕ್ಕೆ ಒತ್ತಿಕೊಂಡು ಉರುಳುತ್ತದೆ, ಇಂಜಿನ್ ಅದನ್ನು ಎಳೆದಾಡಬೇಕಾಗುತ್ತದೆ.

ನಿಮ್ಮ ಗಾಡಿಗೆ ಎಷ್ಟು ಗಾಳಿ ಬೇಕು ಅನ್ನುವುದು ಮ್ಯಾನುಯಲ್‌ನಲ್ಲಿ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಸ್ಟಿಕರ್ ಮೇಲೂ ಬರೆದಿರುತ್ತದೆ. ಹಲವು 110 ಸಿಸಿ ಸ್ಕೂಟರ್‌ಗಳಿಗೆ ಒಬ್ಬರೇ ಓಡಿಸುವಾಗ ಮುಂದೆ 22, ಹಿಂದೆ 29 ಪಿಎಸ್‌ಐ ಆಸುಪಾಸು ಹೇಳಿರುತ್ತಾರೆ. ಪಿಎಸ್‌ಐ ಅಂದರೆ ಗಾಳಿಯ ಒತ್ತಡ ಅಳೆಯುವ ಮಾನ, ಪಂಕ್ಚರ್ ಅಂಗಡಿಯವರು 'ಪಾಯಿಂಟ್' ಅನ್ನುವುದು ಇದನ್ನೇ. ದಿನಾ ಡಬಲ್ಸ್ ಹೋಗುವವರಾದರೆ ಹಿಂದಿನ ಟೈರಿಗೆ ಜಾಸ್ತಿ ಬೇಕು, ಅದನ್ನೂ ಮ್ಯಾನುಯಲ್‌ನಲ್ಲಿ ಬೇರೆಯಾಗಿ ಬರೆದಿರುತ್ತಾರೆ. ಈ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಡಿಕ್ಕಿಯ ಒಳಗೆ ಅಂಟಿಸಿಬಿಡಿ. "ಎಷ್ಟು ಹಾಕಲಿ ಸಾರ್?" ಅಂತ ಹುಡುಗ ಕೇಳಿದಾಗ "ನೋಡಿ ಹಾಕಪ್ಪ" ಅಂದರೆ ಅವನು ಎಲ್ಲ ಗಾಡಿಗೂ ಹಾಕುವಷ್ಟೇ ನಿಮಗೂ ಹಾಕಿ ಕಳಿಸುತ್ತಾನೆ.

ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಬೇಕು. ಬೆಳಿಗ್ಗೆ ಮನೆಯಿಂದ ಹೊರಟು ಒಂದೆರಡು ಕಿಲೋಮೀಟರ್ ಒಳಗೆ ಸಿಗುವ ಬಂಕ್ ಸರಿ. ಹತ್ತಿಪ್ಪತ್ತು ಕಿ.ಮೀ. ಓಡಿಸಿ ಬಿಸಿಯಾದ ಟೈರಿನಲ್ಲಿ ಒತ್ತಡ ಜಾಸ್ತಿ ತೋರಿಸುತ್ತದೆ, ಆಗ ನೀವು ಹಾಕಿಸುವುದು ಕಡಿಮೆಯಾಗುತ್ತದೆ. ಬಂಕ್‌ನಲ್ಲಿ ಗಾಳಿ ಉಚಿತ. ವಾರಕ್ಕೊಮ್ಮೆ, ತಪ್ಪಿದರೆ ಹದಿನೈದು ದಿನಕ್ಕೊಮ್ಮೆ ನೋಡಿಸಿ. ಸ್ವಂತಕ್ಕೆ ಒಂದು ಸಣ್ಣ ಗೇಜ್ ಇದ್ದರೆ ಒಳ್ಳೆಯದು, ಒಂದೊಂದು ಬಂಕ್‌ನ ಮೀಟರ್ ಒಂದೊಂದು ತೋರಿಸುವುದುಂಟು.

ವಾರಕ್ಕೆ ನಾಲ್ಕೈದು ಪಾಯಿಂಟ್ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ವಾಲ್ವ್ ಮುಚ್ಚಳ ತೆಗೆದು ಬಾಯಿಗೆ ಸ್ವಲ್ಪ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ವಾಲ್ವ್ ಸೋರಿಕೆ, ಸಣ್ಣ ಖರ್ಚಲ್ಲಿ ಸರಿಹೋಗುತ್ತದೆ. ನೈಟ್ರೋಜನ್ ಹಾಕಿಸಿದರೆ ಮೈಲೇಜ್ ಏರುತ್ತದೆ ಅನ್ನುತ್ತಾರೆ. ಬೇಕಿಲ್ಲ. ಮಾಮೂಲಿ ಗಾಳಿಯೇ ಸರಿಯಾದ ಅಳತೆಯಲ್ಲಿದ್ದರೆ ಸಾಕು.

ಎಚ್ಚರಿಕೆ: ಮೈಲೇಜ್ ಆಸೆಗೆ 40 ಪಾಯಿಂಟ್ ಹೊಡೆಸುವವರಿದ್ದಾರೆ. ಟೈರ್ ಕಲ್ಲಿನಂತಾಗಿ ಮಳೆಯಲ್ಲಿ ಜಾರುತ್ತದೆ, ಬ್ರೇಕ್ ಹಿಡಿದರೂ ನಿಲ್ಲುವುದಿಲ್ಲ. ಹೇಳಿದ ಅಳತೆ ದಾಟಬೇಡಿ.

ಹಂತ 3: ಚಕ್ರ ಸಲೀಸಾಗಿ ತಿರುಗುತ್ತಿದೆಯಾ?

ಇದನ್ನು ಮನೆಯ ಮುಂದೆಯೇ, ಇಂಜಿನ್ ಆಫ್ ಇಟ್ಟು ಮಾಡಿ. ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲದಿಂದ ಮೇಲೇಳುತ್ತದೆ. ಕೈಯಿಂದ ಜೋರಾಗಿ ತಿರುಗಿಸಿ ಬಿಡಿ. ಸೈಕಲ್ ಚಕ್ರದಷ್ಟು ಹೊತ್ತು ಅದು ತಿರುಗುವುದಿಲ್ಲ, ಒಳಗಿನ ಗೇರು ಮತ್ತು ಎಣ್ಣೆಯ ಹಿಡಿತ ಇರುತ್ತದೆ. ಆದರೆ ಒಂದೆರಡು ಸುತ್ತಾದರೂ ತಡೆಯಿಲ್ಲದೆ ತಿರುಗಬೇಕು. ಕಿವಿ ಹತ್ತಿರ ಕೊಡಿ. 'ಸರ್... ಸರ್... ಸರ್' ಅಂತ ಒಂದೇ ಸಮ ಉಜ್ಜುವ ಸದ್ದು ಬಂದು ಚಕ್ರ ತಟ್ಟನೆ ನಿಂತರೆ ಬ್ರೇಕ್ ಹಿಡಿದುಕೊಂಡಿದೆ ಅಂತ ಅರ್ಥ. ನೀವು ಬ್ರೇಕ್ ಒತ್ತದೆಯೇ ಗಾಡಿ ದಿನವಿಡೀ ಬ್ರೇಕ್ ಹಾಕಿಕೊಂಡು ಓಡುತ್ತಿದೆ.

ನನ್ನ ಗಾಡಿಯಲ್ಲೇ ಒಮ್ಮೆ ಸರ್ವಿಸ್ ಮುಗಿಸಿ ತಂದ ವಾರದಲ್ಲಿ 44 ಇದ್ದದ್ದು 37ಕ್ಕೆ ಇಳಿಯಿತು. ಬ್ರೇಕ್ ಚೆನ್ನಾಗಿ ಹಿಡಿಯಲಿ ಅಂತ ನಟ್ಟನ್ನು ಬಿಗಿ ಮಾಡಿಬಿಟ್ಟಿದ್ದರು. ಎರಡು ಸುತ್ತು ಸಡಿಲಿಸಿದೆ, ಮುಂದಿನ ಟ್ಯಾಂಕಿನಲ್ಲಿ 43 ಬಂತು. ಅದಕ್ಕೇ ಸರ್ವಿಸ್‌ನಿಂದ ಗಾಡಿ ತರುವಾಗ ಅಲ್ಲೇ ಚಕ್ರ ತಿರುಗಿಸಿ ನೋಡಿ ಅನ್ನುತ್ತೇನೆ.

ಡ್ರಮ್ ಬ್ರೇಕ್ ಆದರೆ ಹಿಂದಿನ ಚಕ್ರದ ಹತ್ತಿರ, ಬ್ರೇಕ್ ಕೇಬಲ್ ಕೊನೆಯಾಗುವಲ್ಲಿ ಒಂದು ನಟ್ ಇರುತ್ತದೆ. ಅದನ್ನು ಅರ್ಧರ್ಧ ಸುತ್ತು ಸಡಿಲಿಸುತ್ತಾ ಚಕ್ರ ತಿರುಗಿಸಿ ನೋಡಿ. ಉಜ್ಜುವ ಸದ್ದು ಹೋದ ಕೂಡಲೇ ನಿಲ್ಲಿಸಿ. ಬ್ರೇಕ್ ಹಿಡಿಕೆಗೆ ಸ್ವಲ್ಪ ಸಡಿಲು ಇರಲೇಬೇಕು, ಅಂದರೆ ಬ್ರೇಕ್ ಕಚ್ಚುವ ಮೊದಲು ಹಿಡಿಕೆಯ ತುದಿ ಒಂದರಿಂದ ಎರಡು ಸೆಂಟಿಮೀಟರ್ ಬರಬೇಕು. ಸಡಿಲಿಸಿದ ಮೇಲೆ ಮನೆ ಮುಂದೆ ನಿಧಾನಕ್ಕೆ ಓಡಿಸಿ ಬ್ರೇಕ್ ಸರಿಯಾಗಿ ಹಿಡಿಯುತ್ತದೆಯಾ ಅಂತ ನೋಡಿ, ಆಮೇಲೆಯೇ ರಸ್ತೆಗೆ ಹೋಗಿ. ಕೈಯಲ್ಲಿ ಧೈರ್ಯವಿಲ್ಲದಿದ್ದರೆ ಮೆಕ್ಯಾನಿಕ್‌ಗೆ "ಬ್ರೇಕ್ ಹಿಡಿದುಕೊಂಡಿದೆ, ಫ್ರೀ ಮಾಡಿ" ಅಂತ ಇಷ್ಟೇ ಹೇಳಿ. ಐದು ನಿಮಿಷದ ಕೆಲಸ. ಮುಂದಿನ ಚಕ್ರದಲ್ಲಿ ಡಿಸ್ಕ್ ಇದ್ದು ಅದು ಉಜ್ಜುತ್ತಿದ್ದರೆ ಮಾತ್ರ ಕೈ ಹಾಕಬೇಡಿ, ಮೆಕ್ಯಾನಿಕ್‌ಗೇ ಬಿಡಿ.

ಇನ್ನೊಂದು ವಿಷಯ ಗಾಡಿಯದ್ದಲ್ಲ, ನಮ್ಮ ಎಡಗೈಯದ್ದು. ಟ್ರಾಫಿಕ್‌ನಲ್ಲಿ ಓಡಿಸುವಾಗ ಹೆಚ್ಚಿನವರ ಎಡಗೈಯ ಎರಡು ಬೆರಳು ಸದಾ ಬ್ರೇಕ್ ಹಿಡಿಕೆಯ ಮೇಲೆ ಇರುತ್ತವೆ. ಇಟ್ಟರೆ ತಪ್ಪಿಲ್ಲ. ಆದರೆ ಭಯದಲ್ಲಿ ಬೆರಳು ಗೊತ್ತಿಲ್ಲದೆ ಸ್ವಲ್ಪ ಒತ್ತಿರುತ್ತದೆ. ಹೊಸದಾಗಿ ಕಲಿತವರಲ್ಲಿ ಇದು ಜಾಸ್ತಿ. ಪರೀಕ್ಷೆ ಮಾಡುವುದು ಸುಲಭ. ಸಂಜೆ ಹೊತ್ತು ನಿಮ್ಮವರೊಬ್ಬರಿಗೆ ಹಿಂದಿನ ಗಾಡಿಯಲ್ಲಿ ಬರಲು ಹೇಳಿ, ಬ್ರೇಕ್ ಲೈಟ್ ಯಾವಾಗ ಉರಿಯುತ್ತದೆ ನೋಡಿ ಅನ್ನಿ. ನೀವು ಬ್ರೇಕ್ ಹಾಕಿಲ್ಲ ಅಂದುಕೊಂಡಾಗಲೂ ಉರಿಯುತ್ತಿದ್ದರೆ ಕಾರಣ ಸಿಕ್ಕಿತು. ಕೆಲವು ಗಾಡಿಗಳ ಎಡ ಬ್ರೇಕಿಗೆ ನಿಲ್ಲಿಸುವಾಗ ಹಾಕುವ ಲಾಕ್ ಕೂಡ ಇರುತ್ತದೆ, ಹೊರಡುವಾಗ ಅದನ್ನು ಬಿಡಿಸಿದ್ದೀರಾ ಅಂತಲೂ ನೋಡಿಕೊಳ್ಳಿ.

ಹಂತ 4: ಬಲಗೈ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸ್ಕೂಟರಿನಲ್ಲಿ ಗೇರ್ ಇಲ್ಲ ಅನ್ನುತ್ತೇವೆ. ನಿಜವಾಗಿ ಇದೆ, ಬದಲಾಯಿಸುವುದು ನಾವಲ್ಲ ಅಷ್ಟೇ. ಎರಡು ಪುಲ್ಲಿ, ಅಂದರೆ ರಾಟೆ, ನಡುವೆ ಒಂದು ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿಯೊಳಗೆ ಸಣ್ಣ ಉರುಳೆಗಳಿರುತ್ತವೆ, ಅವಕ್ಕೆ ರೋಲರ್ ಅನ್ನುತ್ತಾರೆ. ಇಂಜಿನ್ ತಿರುಗಿದ ಹಾಗೆ ರೋಲರ್‌ಗಳು ಹೊರಕ್ಕೆ ಸರಿದು ಪುಲ್ಲಿಯನ್ನು ಒತ್ತುತ್ತವೆ, ಬೆಲ್ಟ್ ಮೇಲಕ್ಕೆ ಏರುತ್ತದೆ, ಗಾಡಿ 'ಮೇಲಿನ ಗೇರ್'ಗೆ ಹೋದಂತಾಗುತ್ತದೆ. ಈ ಇಡೀ ಏರ್ಪಾಡಿಗೆ ಸಿವಿಟಿ ಎಂದು ಹೆಸರು.

ಆಕ್ಸಿಲೇಟರನ್ನು ಒಮ್ಮೆಲೇ ತಿರುವಿದರೆ ಏನಾಗುತ್ತದೆ? ಇಂಜಿನ್ ಕೂಗುತ್ತದೆ, ಆದರೆ ಗಾಡಿ ಇನ್ನೂ 'ಕೆಳಗಿನ ಗೇರ್'ನಲ್ಲೇ ಇರುತ್ತದೆ. ಕೂಗಿದ್ದಕ್ಕೆಲ್ಲ ಪೆಟ್ರೋಲ್ ಖರ್ಚು. ಅದರ ಬದಲು ನಾಲ್ಕೈದು ಸೆಕೆಂಡಿನಲ್ಲಿ ಮೆಲ್ಲಗೆ ತಿರುವುತ್ತಾ 40 ಮುಟ್ಟಿ. ಮುಟ್ಟಿದ ಮೇಲೆ ಆಕ್ಸಿಲೇಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಿಡಿ. ಇಂಜಿನ್ ಸದ್ದು ಇಳಿಯುತ್ತದೆ, ವೇಗ ಅಲ್ಲೇ ಇರುತ್ತದೆ. ಖಾಲಿ ರಸ್ತೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದರೆ ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಜುಪಿಟರ್‌ನಂಥ ಗಾಡಿಗಳಲ್ಲಿ ಇಕೋ ಅಂತ ಹಸಿರು ಗುರುತು ಬರುತ್ತದೆ, ಅದು ಹೇಳುವುದೂ ಇದನ್ನೇ.

ವೇಗ 40ರಿಂದ 50ರ ನಡುವೆ ಒಂದೇ ಸಮ ಇರಲಿ. ಎದುರುಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರಲ್ಲಿ ಇದ್ದದ್ದು 60ಕ್ಕೆ ಎರಡೂಕಾಲು ಪಟ್ಟಾಗುತ್ತದೆ. ಹೈವೇಯಲ್ಲಿ ಸ್ಕೂಟರನ್ನು 70ರಲ್ಲಿ ಓಡಿಸಿ ಮೈಲೇಜ್ ಬರಲಿಲ್ಲ ಅಂದರೆ ಗಾಡಿಯ ತಪ್ಪಲ್ಲ.

ಮುಂದಿನ ಸಿಗ್ನಲ್ ಕೆಂಪಾಗಿರುವುದು ನೂರು ಮೀಟರ್ ಮೊದಲೇ ಕಾಣುತ್ತದೆ ಅಲ್ವಾ? ಅಲ್ಲೇ ಆಕ್ಸಿಲೇಟರ್ ಬಿಡಿ, ಗಾಡಿ ತಾನಾಗಿ ಉರುಳಿಕೊಂಡು ಹೋಗಲಿ. ಅಲ್ಲಿಯವರೆಗೂ ರೊಯ್ಯನೆ ಹೋಗಿ ಗಕ್ಕನೆ ಬ್ರೇಕ್ ಹಾಕಿದರೆ ಸುಟ್ಟ ಪೆಟ್ರೋಲೆಲ್ಲ ಬ್ರೇಕ್ ಶೂ ಬಿಸಿ ಮಾಡಲು ಹೋಯಿತು. ಹಂಪ್‌ಗಳಿಗೂ ಇದೇ ಮಾತು.

ಸಿಗ್ನಲ್‌ನಲ್ಲಿ ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕಾದರೆ ಇಂಜಿನ್ ಆಫ್ ಮಾಡಿ. ಕೇಂದ್ರ ಸರ್ಕಾರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಶುರುವಾದದ್ದು 1978ರಲ್ಲಿ. ವರ್ಷಗಟ್ಟಲೆಯಿಂದ ಅದು ಜನರಿಗೆ ಹೇಳುತ್ತಾ ಬಂದಿರುವ ಮಾತು ಇದು. ಟೈಮರ್ ಇರುವ ಸಿಗ್ನಲ್‌ನಲ್ಲಿ ಅಂಕಿ ನೋಡಿ ತೀರ್ಮಾನಿಸಿ. ಐದು ಸೆಕೆಂಡ್ ಉಳಿದಾಗ ಸ್ಟಾರ್ಟ್ ಮಾಡಿಕೊಳ್ಳಿ. ತಾನಾಗಿ ಆಫ್ ಆಗಿ, ಆಕ್ಸಿಲೇಟರ್ ತಿರುವಿದರೆ ಮತ್ತೆ ಸ್ಟಾರ್ಟ್ ಆಗುವ ಏರ್ಪಾಡು ಹೊಸ ಗಾಡಿಗಳಲ್ಲಿದ್ದರೆ ಆ ಸ್ವಿಚ್ ಆನ್ ಇಟ್ಟಿರಿ. ಹಳೇ ಗಾಡಿಯಲ್ಲಿ ಬ್ಯಾಟರಿ ಸೋತಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಹಸಿರು ಬಿದ್ದಾಗ ನಡುರಸ್ತೆಯಲ್ಲಿ ಕಿಕ್ಕರ್ ಹೊಡೆಯುವ ಪಾಡು ಬೇಡ.

ಬೆಳಿಗ್ಗೆ ಗಾಡಿ 'ಬಿಸಿಯಾಗಲಿ' ಅಂತ ಐದು ನಿಮಿಷ ನಿಂತಲ್ಲೇ ಇಂಜಿನ್ ಓಡಿಸಿಡುವ ಅಭ್ಯಾಸವನ್ನೂ ಬಿಡಿ. ಅರ್ಧ ನಿಮಿಷ ಸಾಕು. ಮೊದಲ ಒಂದು ಕಿಲೋಮೀಟರ್ ನಿಧಾನಕ್ಕೆ ಹೋದರೆ ಓಡುತ್ತಲೇ ಬಿಸಿಯಾಗುತ್ತದೆ.

ಎಚ್ಚರಿಕೆ, ಎರಡು. ಒಂದು, ಏರಿನ ಸಿಗ್ನಲ್‌ನಲ್ಲಿ ಗಾಡಿ ಹಿಂದಕ್ಕೆ ಹೋಗದಿರಲಿ ಅಂತ ಆಕ್ಸಿಲೇಟರ್ ಕೊಟ್ಟು ಹಿಡಿದು ನಿಲ್ಲಿಸಬೇಡಿ. ಇಂಜಿನ್ ಶಕ್ತಿಯನ್ನು ಚಕ್ರಕ್ಕೆ ಜೋಡಿಸುವ ಕ್ಲಚ್ ಜಾರುತ್ತಾ ಸುಡುತ್ತದೆ. ಬ್ರೇಕ್ ಹಿಡಿಯಿರಿ. ಎರಡು, ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಲೇಬೇಡಿ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಇಂಜಿನ್ ಕೊಡುವ ತಡೆಯೂ ಇಲ್ಲದೆ ಬರೀ ಬ್ರೇಕನ್ನೇ ನಂಬಿ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಂಜೆಕ್ಷನ್ ಗಾಡಿಗಳಲ್ಲಂತೂ ಆಕ್ಸಿಲೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಪೆಟ್ರೋಲ್ ಹರಿವು ತಾನಾಗಿ ತೀರಾ ಕಡಿಮೆಯಾಗುತ್ತದೆ. ಆಫ್ ಮಾಡಿ ಉಳಿಸುವುದು ಏನೂ ಇಲ್ಲ.

ಹಂತ 5: ಡಿಕ್ಕಿ ತೆರೆದು ನೋಡಿ

ಭಾರ ಇಳಿಸಿ. ಡಿಕ್ಕಿಯಲ್ಲಿ ಎರಡು ತಿಂಗಳಿಂದ ಇರುವ ರೇನ್‌ಕೋಟ್, ಹಳೇ ಬೀಗ, ನೀರಿನ ಬಾಟಲಿ, ಸುತ್ತ ಹಾಕಿಸಿದ ದಪ್ಪ ಕಬ್ಬಿಣದ ಗಾರ್ಡ್, ಎಲ್ಲ ಸೇರಿದರೆ ಏಳೆಂಟು ಕೆಜಿ ಆಗುವುದುಂಟು. ಇದರಿಂದ ಪವಾಡವೇನೂ ಆಗದು, ಆದರೆ ಬೇಡದ್ದನ್ನು ಹೊರುವುದೇಕೆ?

ಹಂತ 6: ಸರ್ವಿಸ್‌ನಲ್ಲಿ ಏನು ಕೇಳಬೇಕು

ಮೇಲಿನ ಹಂತಗಳನ್ನು ಮಾಡಿ ಇನ್ನೊಂದು ಟ್ಯಾಂಕ್ ಅಳೆಯಿರಿ. ಆಮೇಲೂ ಕಡಿಮೆ ಇದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ. "ಮೈಲೇಜ್ ಬರ್ತಿಲ್ಲ" ಅನ್ನಬೇಡಿ, ಈ ಪಟ್ಟಿ ಹಿಡಿದು ಒಂದೊಂದೇ ಕೇಳಿ.

ಏರ್ ಫಿಲ್ಟರ್. ಇಂಜಿನ್ನಿನ ಮೂಗು ಇದು. ದೂಳು ಕಟ್ಟಿದರೆ ಇಂಜಿನ್ನಿಗೆ ಉಸಿರು ಸಾಲದು. ಇಲ್ಲಿ ದೊಡ್ಡ ತಪ್ಪೊಂದು ನಡೆಯುತ್ತದೆ. ಈಗಿನ ಹಲವು ಸ್ಕೂಟರ್‌ಗಳಲ್ಲಿ ಇರುವುದು ಎಣ್ಣೆ ಸವರಿದ ಕಾಗದದ ಫಿಲ್ಟರ್. ಮುಟ್ಟಿದರೆ ಸ್ವಲ್ಪ ಅಂಟುತ್ತದೆ. ಅದಕ್ಕೆ ಕಂಪ್ರೆಸರ್ ಗಾಳಿ ಹೊಡೆದು 'ಕ್ಲೀನ್' ಮಾಡಬಾರದು, ತೊಳೆಯಲೂಬಾರದು. ಅವಧಿ ಮುಗಿದಾಗ ಬದಲಾಯಿಸುವುದಷ್ಟೇ. ಸ್ಪಂಜಿನ ಫಿಲ್ಟರ್ ಆದರೆ ತೊಳೆದು ಒಣಗಿಸಿ ಹಾಕಬಹುದು. ಕಾಮಗಾರಿ ನಡೆಯುವ ರಸ್ತೆ, ಗಣಿ ಲಾರಿ ಓಡುವ ದಾರಿ, ಮಣ್ಣಿನ ರಸ್ತೆಯಲ್ಲಿ ದಿನಾ ಓಡಾಡುವವರು ಮ್ಯಾನುಯಲ್‌ನ ಅವಧಿಗಿಂತ ಮೊದಲೇ ಬದಲಾಯಿಸಿ.

ಸ್ಪಾರ್ಕ್ ಪ್ಲಗ್. ಬಿಚ್ಚಿಸಿ ತುದಿಯ ಬಣ್ಣ ನೋಡಿ. ತಿಳಿ ಕಂದು, ಒಣಗಿದ ಇಟ್ಟಿಗೆಯಂಥ ಬಣ್ಣ ಇದ್ದರೆ ಉರಿತ ಸರಿಯಾಗಿದೆ. ಒಣ ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಫಿಲ್ಟರ್ ಕಟ್ಟಿದೆ. ಒದ್ದೆಯಾಗಿ ಎಣ್ಣೆ ಎಣ್ಣೆ ಇದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ, ಅದು ದೊಡ್ಡ ಕೆಲಸ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಇಂಜಿನ್ ವಿಪರೀತ ಬಿಸಿಯಾಗುತ್ತಿದೆ. ಈ ಪುಟ್ಟ ಪ್ಲಗ್ ಇಂಜಿನ್ನಿನ ಕಥೆಯನ್ನೆಲ್ಲ ಹೇಳುತ್ತದೆ. ನೀವೇ ಬಿಚ್ಚುವುದಾದರೆ ಇಂಜಿನ್ ತಣ್ಣಗಿರಬೇಕು. ಮತ್ತೆ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ, ಸ್ಪ್ಯಾನರ್ ಕೊನೆಗೆ. ಅಡ್ಡಡ್ಡ ಕೂತು ಮರೆ (ಥ್ರೆಡ್) ಹಾಳಾದರೆ ಇಂಜಿನ್ ಹೆಡ್ಡನ್ನೇ ರಿಪೇರಿ ಮಾಡಿಸಬೇಕಾಗುತ್ತದೆ.

ಇಂಜಿನ್ ಆಯಿಲ್. ಡಬ್ಬಿಯ ಮೇಲೆ 10ಡಬ್ಲ್ಯೂ-30 ಅಂತೆಲ್ಲ ಬರೆದಿರುತ್ತದೆ, ಅದು ಆಯಿಲ್ ಎಷ್ಟು ಮಂದ ಅನ್ನುವ ಗುರುತು. ಈಗಿನ ಹಲವು ಸ್ಕೂಟರ್‌ಗಳಿಗೆ ಹೇಳಿರುವುದು ಇದೇ ತೆಳು ಆಯಿಲ್. ಅಂಗಡಿಯಲ್ಲಿ ಬೈಕಿಗೆ ತಂದಿಟ್ಟ 20ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ಸುರಿದರೆ ಇಂಜಿನ್ ಜೇನಿನಲ್ಲಿ ಕೈಯಾಡಿಸಿದಂತೆ ತಿಣುಕುತ್ತದೆ. ಇನ್ನೊಂದು ಗುರುತು ಜಾಸೊ ಎಂಬಿ. ಜಾಸೊ ಅಂದರೆ ಆಯಿಲ್‌ಗೆ ಕೊಡುವ ಜಪಾನಿನ ಗುಣಮಟ್ಟದ ಗುರುತು. ಬೈಕಿನ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಅದಕ್ಕೆ ಹಿಡಿತ ಬೇಕು, ಹಾಗಾಗಿ ಜಾಸೊ ಎಂಎ. ಸ್ಕೂಟರಿನ ಕ್ಲಚ್ ಆಯಿಲ್‌ನಿಂದ ಹೊರಗೆ, ಒಣಗಿರುತ್ತದೆ. ಆದ್ದರಿಂದ ತಿಕ್ಕಾಟ ಕಡಿಮೆ ಮಾಡುವ ಎಂಬಿ ಆಯಿಲ್ ಹಾಕಬಹುದು. ಮನೆಯಲ್ಲಿ ಬೈಕೂ ಇದ್ದರೆ ಆ ಡಬ್ಬಿಯ ಉಳಿಕೆಯನ್ನು ಬೈಕಿಗೆ ಮಾತ್ರ ಹಾಕಬೇಡಿ. ಆಯಿಲ್ ಎಷ್ಟು ಹಿಡಿಯುತ್ತದೆ ಅನ್ನುವುದನ್ನು ಮ್ಯಾನುಯಲ್ ನೋಡಿ ಅಷ್ಟೇ ಹಾಕಿಸಿ. "ಒಂದು ಲೀಟರ್ ಡಬ್ಬಿ ತಂದಿದ್ದೀರಲ್ಲ, ಪೂರ್ತಿ ಹಾಕಿಬಿಡ್ತೀನಿ" ಅಂದರೆ ಬೇಡ ಅನ್ನಿ. ಜಾಸ್ತಿಯಾದರೂ ಇಂಜಿನ್ನಿಗೆ ಭಾರವೇ. ಹಿಂದಿನ ಚಕ್ರದ ಹತ್ತಿರ ಗೇರ್ ಆಯಿಲ್ ಅಂತ ಸ್ವಲ್ಪವೇ ಇರುತ್ತದೆ. ಅದನ್ನು ಮರೆಯುವವರೇ ಹೆಚ್ಚು, ನೀವು ನೆನಪಿಸಿ.

ಟ್ಯಾಪೆಟ್. ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ದಾರಿ ತೆರೆದು ಮುಚ್ಚುವ ಇಂಜಿನ್ ವಾಲ್ವ್‌ಗಳ ಸಂದಿನ ಅಳತೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ಸರಿಯಾಗಿ ನೋಡಲು ಬರುತ್ತದೆ. ಗಾಡಿ ಓಡಿಸಿಕೊಂಡು ಹೋಗಿ ಕೂಡಲೇ ಟ್ಯಾಪೆಟ್ ಮಾಡಿಸಬೇಡಿ. ರಾತ್ರಿ ಬಿಟ್ಟು ಬನ್ನಿ, ಬೆಳಿಗ್ಗೆ ಮಾಡಲಿ.

ಕಾರ್ಬುರೇಟರ್ ಗಾಡಿಗಳಲ್ಲಿ ಮೊದಲು ಚೋಕ್ ನೋಡಿ. ಚಳಿಯಲ್ಲಿ ಸ್ಟಾರ್ಟ್ ಮಾಡಲು ಪೆಟ್ರೋಲ್ ಜಾಸ್ತಿ ಬಿಡುವ ಗುಂಡಿ ಅದು. ಎಳೆದು ಮರೆತರೆ, ಅಥವಾ ಕೇಬಲ್ ಅರ್ಧಕ್ಕೆ ಸಿಕ್ಕಿಕೊಂಡರೆ ಇಡೀ ದಿನ ಪೆಟ್ರೋಲ್ ಸುರಿಯುತ್ತದೆ. ಅಲ್ಲಿ ಸರಿಯಿದ್ದರೆ ಕಾರ್ಬುರೇಟರ್ ತೊಳೆಸಿ ಟ್ಯೂನಿಂಗ್ ಮಾಡಿಸಿ. "ಮೈಲೇಜ್‌ಗೆ ಸೆಟ್ ಮಾಡಿ" ಅಂತ ಒತ್ತಾಯಿಸಬೇಡಿ. ಪೆಟ್ರೋಲ್ ತೀರಾ ಕಡಿಮೆ ಮಾಡಿದರೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ, ಎಳೆಯುವುದಿಲ್ಲ, ಎಳೆಯದ ಗಾಡಿಗೆ ನೀವು ಆಕ್ಸಿಲೇಟರ್ ಜಾಸ್ತಿ ಕೊಡುತ್ತೀರಿ. ಉಳಿಸಿದ್ದು ಅಲ್ಲೇ ಹೋಯಿತು.

ಇಂಜೆಕ್ಷನ್ ಗಾಡಿಯಲ್ಲಿ ಹೀಗೆ ತಿರುಗಿಸಿ ಸೆಟ್ ಮಾಡುವುದು ಏನೂ ಇಲ್ಲ. ಯಾರಾದರೂ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಓಡುವಾಗಲೂ ಉರಿಯುತ್ತಿದ್ದರೆ ಯಾವುದೋ ಸೆನ್ಸರ್ ತಪ್ಪು ಹೇಳುತ್ತಿದೆ. ಸ್ಕ್ಯಾನರ್ ಇರುವ ಕಡೆ ತೋರಿಸಿ.

ಹಂತ 7: ಬೆಲ್ಟ್, ರೋಲರ್, ಕ್ಲಚ್

ಇದು ದುಬಾರಿ ಭಾಗ, ಅದಕ್ಕೇ ಕೊನೆಗಿಟ್ಟಿದ್ದೇನೆ. ಗಾಡಿ ಇಪ್ಪತ್ತು ಸಾವಿರ ಕಿ.ಮೀ. ದಾಟಿದ್ದರೆ ಸಿವಿಟಿ ಮುಚ್ಚಳ ಬಿಚ್ಚಿಸಿ ಒಮ್ಮೆ ಕಣ್ಣಾರೆ ನೋಡಿ. ಬೆಲ್ಟ್ ಸವೆದು ಅಗಲ ಕಡಿಮೆಯಾಗಿದ್ದರೆ ಪುಲ್ಲಿಯಲ್ಲಿ ಮೇಲಕ್ಕೆ ಏರುವುದಿಲ್ಲ. ದುಂಡಗಿರಬೇಕಾದ ರೋಲರ್ ಒಂದು ಕಡೆ ಚಪ್ಪಟೆಯಾಗಿರುತ್ತದೆ, ಬೆರಳಲ್ಲಿ ಉರುಳಿಸಿದರೆ ಗೊತ್ತಾಗುತ್ತದೆ. ಗಾಡಿ ಓಡಿಸುವಾಗಲೂ ಸುಳಿವು ಸಿಗುತ್ತದೆ. ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಹೊರಡುವಾಗ ಗಾಡಿ ಗಡಗಡ ನಡುಗುತ್ತದೆ. ಮೊದಲು ಸಲೀಸಾಗಿ ಹತ್ತುತ್ತಿದ್ದ ಏರಿನಲ್ಲಿ ಡಬಲ್ಸ್ ಇದ್ದರೆ ಒದ್ದಾಡುತ್ತದೆ.

ಬದಲಾಯಿಸುವುದಾದರೆ ನಿಮ್ಮ ಮಾಡೆಲ್‌ಗೆ ಹೇಳಿದ ತೂಕದ ರೋಲರ್‌ಗಳನ್ನೇ, ಪೂರ್ತಿ ಸೆಟ್ ಹಾಕಿಸಿ. ಒಂದೆರಡು ಮಾತ್ರ ಬದಲಿಸಬೇಡಿ. ಹಳೇ ಸಾಮಾನು ವಾಪಸ್ ಕೇಳಿ ಪಡೆಯಿರಿ, ಏನು ಸವೆದಿತ್ತು ಅಂತ ನಿಮಗೂ ತಿಳಿಯುತ್ತದೆ.

ಪೆಟ್ರೋಲ್ ಬಗ್ಗೆ

"ಈಗಿನ ಪೆಟ್ರೋಲ್ ಸರಿಯಿಲ್ಲ" ಅನ್ನುವವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ 20ರವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್. ಇದಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಒಂದು ಲೀಟರ್ ಎಥೆನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. 2021ರ ನೀತಿ ಆಯೋಗದ ವರದಿ ಹಳೆಯ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಕೆ ಅಂದಾಜಿಸಿತ್ತು. ಅಂದರೆ 45 ಕೊಡುತ್ತಿದ್ದದ್ದು 43 ಆದರೆ ಪೆಟ್ರೋಲ್ ಕಾರಣ ಇರಬಹುದು. 36 ಆಗಿದ್ದರೆ ಪೆಟ್ರೋಲನ್ನು ದೂರಿ ಕೂರಬೇಡಿ, ಮೇಲಿನ ಹಂತಗಳಿಗೆ ಹೋಗಿ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಮುಚ್ಚಳದ ರಬ್ಬರ್ ಸರಿಯಿದೆಯಾ ನೋಡಿ, ಗಾಡಿಯನ್ನು ತಿಂಗಳುಗಟ್ಟಲೆ ಓಡಿಸದೆ ಇಡಬೇಡಿ.

ಇನ್ನು ಓದುಗರು ಕೇಳುವ ಉಳಿದವು. ಬೆಳಗಿನ ತಂಪಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆಯೇ? ಪೆಟ್ರೋಲ್ ಒಂದು ಡಿಗ್ರಿಗೆ ಹಿಗ್ಗುವುದು ಸುಮಾರು ಶೇ 0.1 ಮಾತ್ರ. ಬಂಕ್ ಟ್ಯಾಂಕ್ ನೆಲದಡಿಯಲ್ಲಿ ಇರುವುದರಿಂದ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. 100ರ ಬದಲು 110 ರೂಪಾಯಿಗೆ ಹಾಕಿಸಿದರೆ? ಏನೂ ಬದಲಾಗದು, ಸೊನ್ನೆ ನೋಡಿ ಹಾಕಿಸಿ. ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಮೈಲೇಜ್ ಮಾತ್ರೆ? ಆ ದುಡ್ಡಿಗೆ ಏರ್ ಫಿಲ್ಟರ್ ಬದಲಾಯಿಸಿ.

ಉಳಿಯುವುದೆಷ್ಟು ಅಂತ ಲೆಕ್ಕ ಹಾಕೋಣ. ತಿಂಗಳಿಗೆ 800 ಕಿ.ಮೀ. ಓಡಿಸುವವರು 38ರಿಂದ 45ಕ್ಕೆ ಬಂದರೆ 21 ಲೀಟರ್ ಬದಲು 18 ಲೀಟರ್ ಒಳಗೇ ಮುಗಿಯುತ್ತದೆ. ಲೀಟರಿಗೆ 100 ರೂಪಾಯಿ ಅಂತಿಟ್ಟರೂ ತಿಂಗಳಿಗೆ ಮುನ್ನೂರಕ್ಕಿಂತ ಜಾಸ್ತಿ ಉಳಿಯಿತು. ಮನೆಗೆ ಒಂದು ವಾರದ ತರಕಾರಿ.

ಒಂದು ಕೋರಿಕೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಟ್ಯಾಂಕ್ ಅಳೆಯಿರಿ. ಎಲ್ಲವನ್ನೂ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಏಳೂ ಹಂತ ಮುಗಿದ ಮೇಲೂ ಅಂಕಿ ಏಳದಿದ್ದರೆ, ಬೆಳಿಗ್ಗೆ ಗಾಡಿಯ ಕೆಳಗೆ ಪೆಟ್ರೋಲ್ ವಾಸನೆ ಬರುತ್ತದೆಯಾ ಮತ್ತು ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆಯಾ ನೋಡಿ. ಮೊದಲನೆಯದು ಸೋರಿಕೆ, ಬೆಂಕಿಯ ಅಪಾಯ, ಅವತ್ತೇ ಸರಿಮಾಡಿಸಿ. ಎರಡನೆಯದು ಇಂಜಿನ್ ಸವೆತ. ಅದಕ್ಕೆ ಹೋಗುವಾಗ ನಿಮ್ಮ ಲೆಕ್ಕದ ಪುಸ್ತಕವನ್ನೂ ಮೆಕ್ಯಾನಿಕ್‌ಗೆ ತೋರಿಸಿ.